ಕಾನ್ಸರ್ಟ್ ಪಿಯಾನಿಸ್ಟ್ ವೃತ್ತಿ: ಬಹುಮಾನ ಬಂದ ಮೇಲೆ ಕೈಯಲ್ಲಿ ಏನೇನಿರಬೇಕು?

ಮಧ್ಯಸಪ್ತಕ

ಪಿಯಾನೊ ಕಲಿಯುವ ಬಗ್ಗೆ ಬೇಕಾದಷ್ಟು ಮಾತು ಸಿಗುತ್ತದೆ. ಕಲಿತಾದ ಮೇಲೆ ಅದರಿಂದಲೇ ಬದುಕುವುದು ಹೇಗೆ ಎಂಬ ಬಗ್ಗೆ ಸಿಗುವುದು ತೀರಾ ಕಡಿಮೆ. ಕನ್ಸರ್ವೇಟರಿ (ಸಂಗೀತ ಕಾಲೇಜು) ಮುಗಿದಿದೆ, ಒಂದು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬಹುಮಾನವೂ ಬಂದಿದೆ ಎಂದಿಟ್ಟುಕೊಳ್ಳಿ. ಮುಂದಿನ ಹತ್ತು ವರ್ಷ ಆ ಕಲಾವಿದರನ್ನು ವೇದಿಕೆಯ ಮೇಲೆ ಉಳಿಸುವುದು ಯಾವುದು? "ದಿನಾ ಸಾಧನೆ ಮಾಡಬೇಕು" ಎಂಬಂಥ ಉತ್ತರ ಬೇಡ. ಎಷ್ಟು ಕೃತಿಗಳು ಸಿದ್ಧವಿರಬೇಕು, ಗೊತ್ತಿಲ್ಲದ ಸಭಾಂಗಣದ ಗೊತ್ತಿಲ್ಲದ ಪಿಯಾನೊವನ್ನು ಹೇಗೆ ಪಳಗಿಸುತ್ತಾರೆ, ಎಡವುವುದು ಎಲ್ಲಿ, ಯಾಕೆ? ತಿಳಿದವರು ವಿವರವಾಗಿ ಬರೆಯಿರಿ.

ನಿಧಾನಗತಿ

ಬಹುಮಾನದಿಂದಲೇ ಶುರು ಮಾಡುತ್ತೇನೆ, ಬಹಳ ಜನ ಎಡವುವುದು ಅಲ್ಲೇ. ವಾರ್ಸಾದ ಶೋಪ್ಯಾನ್ ಸ್ಪರ್ಧೆ 1927ರಲ್ಲಿ ಶುರುವಾಯಿತು, ಈಗ ಐದು ವರ್ಷಕ್ಕೊಮ್ಮೆ. ಫೋರ್ಟ್‌ವರ್ತ್‌ನ ವ್ಯಾನ್ ಕ್ಲೈಬರ್ನ್ ಸ್ಪರ್ಧೆ 1962ರಿಂದ, ಈಗ ನಾಲ್ಕು ವರ್ಷಕ್ಕೊಮ್ಮೆ. ಗೆದ್ದವರ ಹೆಸರು ಜನರ ಬಾಯಲ್ಲಿರುವುದು ಮುಂದಿನ ವಿಜೇತರು ಬರುವ ತನಕ. ಕ್ಲೈಬರ್ನ್ ವಿಜೇತರಿಗೆ ಹಣದ ಜೊತೆಗೆ ಮೂರು ವರ್ಷದ ಕಛೇರಿಗಳನ್ನೂ ಹೊಂದಿಸಿಕೊಡುತ್ತಾರೆ. ಕೇಳಲು ವರ, ಆದರೆ ಒಂದು ಅಪಾಯವಿದೆ. ಸ್ಪರ್ಧೆಗೆ ಸಿದ್ಧವಾದದ್ದು ಎರಡು ಕಾನ್ಚರ್ಟೊ (ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಮತ್ತು ಎರಡು ಮೂರು ಗಂಟೆಯ ಸೋಲೊ ಕೃತಿಗಳು. ಅವನ್ನೇ ಹೊತ್ತು ಊರೂರು ಸುತ್ತುವಾಗ ಹೊಸದು ಕಲಿಯಲು ದಿನಗಳೇ ಉಳಿಯುವುದಿಲ್ಲ. ಎರಡು ವರ್ಷ ಕಳೆದು ಅದೇ ಆರ್ಕೆಸ್ಟ್ರಾ "ಈ ಸಲ ಬೇರೇನಿದೆ?" ಎಂದು ಕೇಳಿದಾಗ ಉತ್ತರ ಇಲ್ಲದಿದ್ದರೆ ಕರೆ ಅಲ್ಲಿಗೇ ನಿಂತುಹೋಗುತ್ತದೆ.

ಸ್ವತಃ ವ್ಯಾನ್ ಕ್ಲೈಬರ್ನ್ 1958ರಲ್ಲಿ ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆ ಗೆದ್ದವರು. ಆಮೇಲೆ ವರ್ಷಾನುಗಟ್ಟಲೆ ಜನ ಅವರಿಂದ ಕೇಳಬಯಸಿದ್ದು ಚೈಕೋವ್‌ಸ್ಕಿಯ ಅದೇ ಮೊದಲ ಕಾನ್ಚರ್ಟೊವನ್ನು. 1978ರಲ್ಲಿ ಅವರು ವೇದಿಕೆಯಿಂದ ಹಿಂದೆ ಸರಿದರು.

ಎಡಗೈ

ಸ್ಪರ್ಧೆ ಗೆಲ್ಲದವರ ಕಥೆಯನ್ನೂ ಸೇರಿಸಬೇಕು. 1980ರ ಶೋಪ್ಯಾನ್ ಸ್ಪರ್ಧೆಯಲ್ಲಿ ಈವೊ ಪೊಗೊರೆಲಿಚ್ ಅಂತಿಮ ಸುತ್ತಿಗೇ ಬರಲಿಲ್ಲ. ಅದನ್ನು ಪ್ರತಿಭಟಿಸಿ ಮಾರ್ಥಾ ಆರ್ಗೆರಿಚ್ ತೀರ್ಪುಗಾರರ ಮಂಡಳಿಯಿಂದ ಹೊರನಡೆದರು. ಪ್ರಶಸ್ತಿ ವಿಯೆಟ್ನಾಮಿನ ಡಾಂಗ್ ಥಾಯ್ ಸೋನ್ ಅವರದಾಯಿತು. ಆದರೂ ಪೊಗೊರೆಲಿಚ್ ಅವರಿಗೆ ಕಛೇರಿಗಳೂ ಬಂದವು, ಧ್ವನಿಮುದ್ರಣಗಳೂ ಬಂದವು.

ಇನ್ನೊಂದು ದಾರಿ, ಬದಲಿ ಕಲಾವಿದರಾಗಿ ಏರುವುದು. 1963ರಲ್ಲಿ ಪಿಯಾನಿಸ್ಟ್ ಗ್ಲೆನ್ ಗೂಲ್ಡ್‌ಗೆ ಆರೋಗ್ಯ ಕೆಟ್ಟಾಗ 16 ವರ್ಷದ ಆಂಡ್ರೆ ವಾಟ್ಸ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಲಿಸ್ಟ್‌ನ ಮೊದಲ ಕಾನ್ಚರ್ಟೊ ನುಡಿಸಿದರು. 36 ವರ್ಷ ಕಳೆದು, 1999ರಲ್ಲಿ, ಅದೇ ವಾಟ್ಸ್ ಬರಲಾಗದಾಗ 17 ವರ್ಷದ ಲ್ಯಾಂಗ್ ಲ್ಯಾಂಗ್ ಶಿಕಾಗೊ ಸಿಂಫನಿ ಜೊತೆ ಚೈಕೋವ್‌ಸ್ಕಿ ನುಡಿಸಿದರು. ಇಬ್ಬರ ಬದುಕೂ ಅಲ್ಲಿಂದ ತಿರುಗಿತು. ಇದನ್ನು ಅದೃಷ್ಟ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಕರೆ ಬಂದ ಗಳಿಗೆಯಲ್ಲಿ ಆ ಕೃತಿ ಬೆರಳಲ್ಲಿತ್ತು. ಮೂರು ವಾರ ಕೊಡಿ ಎಂದು ಕೇಳುವ ಸ್ಥಿತಿಯಲ್ಲಿದ್ದಿದ್ದರೆ ಫೋನು ಇನ್ನೊಬ್ಬರಿಗೆ ಹೋಗುತ್ತಿತ್ತು.

ಮಂದ್ರ

"ಬೆರಳಲ್ಲಿರುವುದು" ಅಂದರೆ ಏನು ಎಂದು ಬಿಡಿಸಿ ಹೇಳಬೇಕು. ವೃತ್ತಿಪರರು ತಮ್ಮ ಕೃತಿಗಳನ್ನು ಮೂರು ಥರ ವಿಂಗಡಿಸಿಕೊಳ್ಳುತ್ತಾರೆ: ನಾಳೆಯೇ ನುಡಿಸಬಲ್ಲವು, ಒಂದು ವಾರದಲ್ಲಿ ಎದ್ದು ಬರುವಂಥವು, ಹಿಂದೆ ಕಲಿತಿದ್ದರೂ ಒಂದು ತಿಂಗಳು ಬೇಡುವಂಥವು. ಮೂರನೆಯದನ್ನು ಮೊದಲನೆಯದೆಂದು ಏಜೆಂಟ್‌ಗೆ ಹೇಳುವುದು ದೊಡ್ಡ ತಪ್ಪು.

ಒಂದು ಕೃತಿ ಮೊದಲನೇ ಗುಂಪಿಗೆ ಬರುವುದು ಮೂರು ಸಲ ಕಲಿತ ಮೇಲೆ. ಮೊದಲ ಸಲ ಕಲಿತು ನುಡಿಸಿ, ಆರು ತಿಂಗಳು ಪೂರ್ತಿ ಬದಿಗಿಟ್ಟು, ಮತ್ತೆ ಎತ್ತಿಕೊಂಡಾಗ ಯಾವ ಸಾಲುಗಳು ಉದುರಿಹೋಗಿವೆ ಎಂದು ಗೊತ್ತಾಗುತ್ತದೆ. ಉದುರಿದ್ದು ಆ ಸಾಲು ಕಷ್ಟವೆಂದಲ್ಲ, ಮೊದಲ ಸಲ ಅದನ್ನು ಅಭ್ಯಾಸಬಲದ ಮೇಲೆ ಸಾಗಿಸಿಬಿಟ್ಟಿದ್ದರಿಂದ. ಎರಡನೇ, ಮೂರನೇ ಸಲ ಕೆಲಸ ಮಾಡಬೇಕಾದದ್ದು ಆ ಸಾಲುಗಳ ಮೇಲೆ ಮಾತ್ರ.

ಯಾವ ಸ್ವರಕ್ಕೆ ಯಾವ ಬೆರಳೆಂದು ಸಂಖ್ಯೆ ಬರೆಯುವುದರ ಬಗ್ಗೆಯೂ ಒಂದು ಮಾತು. ನಿಧಾನವಾಗಿ ನುಡಿಸುವಾಗ ಯಾವ ಬೆರಳಾದರೂ ಹೊಂದುತ್ತದೆ, ಯಾಕೆಂದರೆ ಕೈಗೆ ಸರಿಯಲು ಸಮಯವಿದೆ. ಪೂರ್ಣ ವೇಗದಲ್ಲಿ ಕೈಯ ಓಟದ ದಿಕ್ಕೇ ಬೇರೆ. ಹಾಗಾಗಿ ಕಷ್ಟದ ನಾಲ್ಕು ಬಾರ್‌ಗಳನ್ನು (ಸ್ವರಲಿಪಿಯ ತಾಳದ ಖಂಡಗಳನ್ನು) ಮೊದಲ ದಿನವೇ ಒಂದೊಂದು ಕೈಯಲ್ಲಿ, ತಪ್ಪಾದರೂ ಸರಿ, ಪೂರ್ಣ ವೇಗದ ಹತ್ತಿರ ನುಡಿಸಿ ನೋಡಿ, ಬೆರಳು ಗೊತ್ತುಮಾಡಿ, ಪೆನ್ಸಿಲ್‌ನಲ್ಲಿ ಬರೆದು, ಆಮೇಲೆ ನಿಧಾನಕ್ಕೆ ಇಳಿಯಬೇಕು. ಉಲ್ಟಾ ಮಾಡಿದವರು ಎರಡು ತಿಂಗಳು ಕಳೆದು ಬೆರಳು ಬದಲಿಸುತ್ತಾರೆ. ಹಳೆಯ ಬೆರಳು ಒತ್ತಡದ ಗಳಿಗೆಯಲ್ಲಿ, ಅಂದರೆ ವೇದಿಕೆಯ ಮೇಲೆ, ಮತ್ತೆ ತಲೆ ಎತ್ತುತ್ತದೆ.

ಪುಟತಿರುವು

ಬಾಯಿಪಾಠದ ವಿಷಯ ಯಾರೂ ಎತ್ತಲಿಲ್ಲ. ಸ್ಕೋರ್ (ಸ್ವರಲಿಪಿಯ ಪುಸ್ತಕ) ಇಟ್ಟುಕೊಂಡು ನುಡಿಸಿದರೆ ಏನು ನಷ್ಟ? ಪಿಯಾನಿಸ್ಟ್ ಸ್ವ್ಯಾಟೊಸ್ಲಾವ್ ರಿಕ್ಟರ್ ಕೊನೆಯ ವರ್ಷಗಳಲ್ಲಿ ಸಭಾಂಗಣವನ್ನು ಕತ್ತಲಾಗಿಸಿ, ಸ್ಕೋರ್ ಮೇಲೆ ಸಣ್ಣ ದೀಪವಿಟ್ಟುಕೊಂಡು ನುಡಿಸುತ್ತಿದ್ದರು. ನೋಡದೆ ನುಡಿಸುವುದು ಕ್ಲಾರಾ ಶೂಮನ್ ಮತ್ತು ಲಿಸ್ಟ್ ಕಾಲದಲ್ಲಿ ಬೇರೂರಿದ ಪದ್ಧತಿ. ಅದಕ್ಕಿಂತ ಮೊದಲು ಅದು ನಿಯಮವೇ ಆಗಿರಲಿಲ್ಲ.

ನಿಧಾನಗತಿ

ನಷ್ಟವಿಲ್ಲ, ಆದರೆ ರಿಕ್ಟರ್ ಅದನ್ನು ಮಾಡಿದ್ದು ಹೆಸರು ಗಟ್ಟಿಯಾದ ಮೇಲೆ. ಮುಖ್ಯ ಸ್ಪರ್ಧೆಗಳ ಸೋಲೊ ಸುತ್ತುಗಳಲ್ಲಿ ಇಂದಿಗೂ ಬಾಯಿಪಾಠವೇ ನಡೆದುಬಂದಿರುವ ರೀತಿ. ಚೇಂಬರ್ ಸಂಗೀತಕ್ಕೆ (ಕೆಲವೇ ವಾದ್ಯಗಳು ಕೂಡಿ ನುಡಿಸುವುದಕ್ಕೆ), ತೀರಾ ಹೊಸ ಕೃತಿಗಳಿಗೆ ಸ್ಕೋರ್ ಇಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ಟ್ಯಾಬ್ಲೆಟ್ ಮತ್ತು ಕಾಲಿನ ಬ್ಲೂಟೂತ್ ಪೆಡಲ್ ಬಂದ ಮೇಲೆ ಇದು ಸುಲಭವೂ ಆಗಿದೆ. ಎಡಗಾಲು ಮೃದು ಪೆಡಲ್‌ಗೂ ಪುಟದ ಪೆಡಲ್‌ಗೂ ಓಡಾಡಬೇಕಾದ ಜಾಗಗಳನ್ನು ಮಾತ್ರ ಮೊದಲೇ ಗುರುತು ಹಾಕಿಕೊಳ್ಳಬೇಕು.

ನೋಡದೆ ನುಡಿಸುವಾಗ ಮರೆವು ಬರುವ ಜಾಗಗಳನ್ನು ಮೊದಲೇ ಊಹಿಸಬಹುದು. ಸೊನಾಟಾ ರೂಪದಲ್ಲಿ ಆರಂಭದ ಭಾಗ ಕೊನೆಯಲ್ಲಿ ಮರಳಿ ಬರುತ್ತದೆ. ಮೊದಲ ಸಲ ಅದು ಬೇರೆ ಶ್ರುತಿಗೆ ಹೊರಳುತ್ತದೆ, ಎರಡನೇ ಸಲ ಮೂಲ ಶ್ರುತಿಯಲ್ಲೇ ನಿಲ್ಲುತ್ತದೆ. ಆ ಕವಲಿನಲ್ಲಿ ಕೈ ಹಳೆಯ ದಾರಿ ಹಿಡಿದರೆ ನುಡಿಸುವವರು ಮತ್ತೆ ಮೊದಲ ಭಾಗದೊಳಕ್ಕೆ ಹೋಗಿಬಿಡುತ್ತಾರೆ. ಎರಡೂ ಕವಲುಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವ ಸ್ವರದಲ್ಲಿ ದಾರಿ ಬೇರೆಯಾಗುತ್ತದೆ ಎಂದು ಬಾಯಲ್ಲಿ ಹೇಳಲು ಬರಬೇಕು. ಬಾಖ್‌ನ ಫ್ಯೂಗ್‌ಗಳಲ್ಲಿ (ಹಲವು ಎಳೆಗಳು ಒಂದರ ಹಿಂದೆ ಒಂದು ಬಂದು ಹೆಣೆದುಕೊಳ್ಳುವ ಕೃತಿಗಳಲ್ಲಿ) ಅಪಾಯ ಬೇರೆ ಥರ. ಒಂದು ಬೆರಳು ತಪ್ಪಿದರೆ ಮುಂದಿನ ಬೆರಳುಗಳ ಸರಪಳಿಯೇ ಬದಲಾಗುತ್ತದೆ, ಕೈಯ ನೆನಪು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪರೀಕ್ಷೆ ಇದು: ಪ್ರತಿ 8ರಿಂದ 16 ಬಾರ್‌ಗೆ ಒಂದು ಗುರುತು ಹಾಕಿ, ಕೊನೆಯ ಗುರುತಿನಿಂದ ಹಿಂದಕ್ಕೆ ಬರುತ್ತಾ ಪ್ರತಿಯೊಂದರಿಂದಲೂ ಶುರು ಮಾಡಲು ಬರಬೇಕು. ಆಮೇಲೆ ಎಡಗೈಯನ್ನು ಮಾತ್ರ, ನೋಡದೆ. ಬಹುಪಾಲು ಜನರ ನೆನಪು ಬಲಗೈಯ ರಾಗವನ್ನು ಹಿಡಿದು ನಡೆಯುವುದರಿಂದ ಎಡಗೈ ಒಂಟಿಯಾದ ಕೂಡಲೇ ದಾರಿ ತಪ್ಪುತ್ತದೆ.

ಫೆಲ್ಟ್‌ಸುತ್ತಿಗೆ

ಪಿಯಾನೊ ಬಗ್ಗೆ ನಾನು ಬರೆಯುತ್ತೇನೆ. ಪಿಟೀಲಿನವರು ತಮ್ಮ ವಾದ್ಯವನ್ನು ಬೆನ್ನಿಗೆ ಹಾಕಿಕೊಂಡು ಬರುತ್ತಾರೆ. ಕಛೇರಿಗಳಲ್ಲಿ ಸಾಮಾನ್ಯವಾದ ಸ್ಟೈನ್‌ವೇ ಡಿ ಮಾದರಿಯ ಪಿಯಾನೊದ ಉದ್ದ 274 ಸೆಂ.ಮೀ., ತೂಕ ಸುಮಾರು 480 ಕಿಲೊ. ಹೊರೊವಿಟ್ಜ್‌ನಂಥ ಕೆಲವರು ಸ್ವಂತ ಪಿಯಾನೊವನ್ನೇ ಊರಿಂದೂರಿಗೆ ಸಾಗಿಸಿದ್ದು ನಿಜ. ಉಳಿದವರೆಲ್ಲ ಅಲ್ಲಿ ಇರುವುದನ್ನೇ ನುಡಿಸಬೇಕು, ಅದನ್ನು ಅರಿಯಲು ಸಿಗುವುದು ಒಂದು ಗಂಟೆ, ಕೆಲವೊಮ್ಮೆ ಅರ್ಧ.

ಆ ಗಂಟೆಯಲ್ಲಿ ಕಾರ್ಯಕ್ರಮದ ಕೃತಿಗಳನ್ನು ಆರಂಭದಿಂದ ಕೊನೆಯವರೆಗೆ ನುಡಿಸುವುದು ಸಮಯ ಹಾಳು. ಮೊದಲು ಸ್ಟೂಲ್: ಎತ್ತರ ನಿಲ್ಲುತ್ತದೆಯೇ, ಕಿರುಗುಟ್ಟುತ್ತದೆಯೇ. ಆಮೇಲೆ 88 ಕೀಗಳನ್ನೂ ಕೆಳಗಿಂದ ಮೇಲಕ್ಕೆ ಅತಿ ಮೆಲ್ಲಗೆ ಒಂದೊಂದಾಗಿ ಒತ್ತಬೇಕು. ಜೋರಾಗಿ ನುಡಿಸಿದರೆ ದೋಷ ಮುಚ್ಚಿಹೋಗುತ್ತದೆ. ಮೆಲ್ಲಗೆ ಒತ್ತಿದಾಗ ಯಾವ ಕೀ ಸದ್ದೇ ಮಾಡುವುದಿಲ್ಲ, ಯಾವುದು ತಡವಾಗಿ ಮೇಲೇಳುತ್ತದೆ ಎಂದು ಸಿಕ್ಕಿಬೀಳುತ್ತದೆ. ಕೀ ಕೆಳಗಿಳಿಯುವುದು ಸುಮಾರು 10 ಮಿ.ಮೀ., ಅದನ್ನು ಇಳಿಸಲು ಬೇಕಾದ ಭಾರ ಸುಮಾರು 50 ಗ್ರಾಂ. ಇದರಲ್ಲಿ ನಾಲ್ಕೈದು ಗ್ರಾಂ ವ್ಯತ್ಯಾಸವಾದರೂ ಕೈಗೆ ತಿಳಿಯುತ್ತದೆ. ತೇವ ಹೆಚ್ಚಿದ್ದರೆ ಕೀಯೊಳಗಿನ ಬಟ್ಟೆಯ ಪಟ್ಟಿಗಳು ಉಬ್ಬಿ ಕೀ ನಿಧಾನವಾಗುತ್ತದೆ. ಶೇ. 40ರಿಂದ 50 ತೇವಾಂಶದಲ್ಲಿ ಪಿಯಾನೊ ನೆಮ್ಮದಿಯಿಂದಿರುತ್ತದೆ.

ಮೂರನೆಯದು, ಒಂದೇ ಸ್ವರವನ್ನು ವೇಗವಾಗಿ ಮತ್ತೆ ಮತ್ತೆ ಬಾರಿಸುವುದು. ಕೀ ಪೂರ್ತಿ ಮೇಲೆ ಬರುವ ಮೊದಲೇ ಇನ್ನೊಮ್ಮೆ ಹೊಡೆಯಲು ಸಾಧ್ಯವಾದದ್ದು ಪ್ಯಾರಿಸ್‌ನ ಸೆಬಾಸ್ಟಿಯನ್ ಎರಾರ್ ರೂಪಿಸಿದ, 1821ರಲ್ಲಿ ಪೇಟೆಂಟ್ ಆದ ಯಂತ್ರರಚನೆಯಿಂದ. ಅದರ ಸಣ್ಣ ಸ್ಪ್ರಿಂಗ್ ಸಡಿಲವಾಗಿದ್ದರೆ ರವೆಲ್‌ನ 'ಸ್ಕಾರ್ಬೊ'ದ ಆರಂಭದಲ್ಲೇ ಸ್ವರಗಳು ನುಂಗಿಹೋಗುತ್ತವೆ. ಕಲಾವಿದರು ತಮ್ಮ ಬೆರಳನ್ನು ದೂರುತ್ತಾ ಕೂರುತ್ತಾರೆ, ಟೆಕ್ನಿಷಿಯನ್‌ಗೆ ಅದು ಕೆಲವು ನಿಮಿಷದ ಕೆಲಸ.

ನಾಲ್ಕನೆಯದು ಪೆಡಲ್. ಬಲ ಪೆಡಲ್ ಎಷ್ಟು ಇಳಿದ ಮೇಲೆ ತಂತಿಯ ನಾದ ತಡೆಯುವ ಡ್ಯಾಂಪರ್‌ಗಳು ಏಳುತ್ತವೆ ಎಂಬುದು ಪ್ರತಿ ಪಿಯಾನೊದಲ್ಲೂ ಬೇರೆ. ಎಡ ಪೆಡಲ್ ಒತ್ತಿದಾಗ ಇಡೀ ಯಂತ್ರ ಪಕ್ಕಕ್ಕೆ ಸರಿದು ಸುತ್ತಿಗೆ ಮೂರು ತಂತಿಗಳ ಬದಲು ಎರಡಕ್ಕೆ ಬಡಿಯುತ್ತದೆ, ಅದೂ ಫೆಲ್ಟ್‌ನ ಸವೆಯದ ಜಾಗದಿಂದ. ಆ ಜಾಗವನ್ನು ಹದ ಮಾಡದಿದ್ದರೆ ಪಿಯಾನಿಸ್ಸಿಮೊದಲ್ಲಿ (ಅತಿ ಮೆಲ್ಲಗೆ ನುಡಿಸುವಾಗ) ಒಂದೆರಡು ಸ್ವರಗಳು ಮಾತ್ರ ಚುಚ್ಚುತ್ತವೆ.

ಮಧ್ಯಸಪ್ತಕ

ಇಷ್ಟೆಲ್ಲ ಕಂಡರೂ ಸಂಜೆಯೊಳಗೆ ಎಷ್ಟು ಸರಿ ಮಾಡಲು ಸಾಧ್ಯ? ಟೆಕ್ನಿಷಿಯನ್‌ಗೆ ಹೇಗೆ ಹೇಳಬೇಕು?

ಫೆಲ್ಟ್‌ಸುತ್ತಿಗೆ

ಎರಡು ಗಂಟೆ ಸಿಕ್ಕರೆ ಶ್ರುತಿ, ಪೆಡಲ್‌ನ ಸಡಿಲ, ಐದಾರು ಸುತ್ತಿಗೆಗಳಿಗೆ ಸೂಜಿ ಚುಚ್ಚಿ ಮೃದು ಮಾಡುವುದು, ನಿಧಾನವಾದ ಕೀಗಳು, ಇವೆಲ್ಲ ಆಗುತ್ತವೆ. ಇಡೀ ಪಿಯಾನೊದ ಸ್ಪರ್ಶಭಾರ ಬದಲಿಸುವುದು, ಒಟ್ಟಾರೆ ನಾದ ಬದಲಿಸುವುದು ಆಗದು. ಕೇಳುವುದೂ ಬೇಡ.

"ಸೌಂಡ್ ಚೆನ್ನಾಗಿಲ್ಲ" ಎಂದರೆ ಟೆಕ್ನಿಷಿಯನ್‌ಗೆ ಏನೂ ತಿಳಿಯುವುದಿಲ್ಲ. "ಮಧ್ಯದ ಸಿ ಮೇಲಿನ ಎಫ್ ಶಾರ್ಪ್ ಅಕ್ಕಪಕ್ಕದವಕ್ಕಿಂತ ಮೊನಚು, ಎಡ ಪೆಡಲ್ ಒತ್ತಿದಾಗ ಮಾತ್ರ" ಎಂದರೆ ನೇರವಾಗಿ ಆ ಸುತ್ತಿಗೆಗೆ ಹೋಗುತ್ತಾರೆ.

ಶ್ರುತಿಮಟ್ಟ ಹಿಂದಿನ ದಿನವೇ ಕೇಳಿ. ಕೆಲವು ಆರ್ಕೆಸ್ಟ್ರಾಗಳು 440 ಹರ್ಟ್ಸ್ (ಎ ಸ್ವರದ ಕಂಪನ), ಯುರೋಪಿನಲ್ಲಿ ಹಲವು 442 ಅಥವಾ 443. ಪಿಯಾನೊದಲ್ಲಿ 200ಕ್ಕೂ ಹೆಚ್ಚು ತಂತಿಗಳಿವೆ, ಒಟ್ಟು ಎಳೆತ ಹತ್ತಿಪ್ಪತ್ತು ಟನ್‌ಗಳ ಲೆಕ್ಕ. ಕಛೇರಿಯ ದಿನ ಮಧ್ಯಾಹ್ನ ಎಲ್ಲವನ್ನೂ 2 ಹರ್ಟ್ಸ್ ಮೇಲಕ್ಕೆ ಎಳೆದರೆ ವಿರಾಮದ ಹೊತ್ತಿಗೆ ಜಾರಿರುತ್ತದೆ. ಒಂದು ದಿನ ಮೊದಲು ಏರಿಸಿ, ಕಛೇರಿಯ ದಿನ ಸಣ್ಣದಾಗಿ ತಿದ್ದುವುದು ಸರಿಯಾದ ಕ್ರಮ.

ಇನ್ನೊಂದು: ಖಾಲಿ ಸಭಾಂಗಣ ಗುಂಯ್‌ಗುಡುತ್ತದೆ, ತುಂಬಿದಾಗ ಜನರೇ ನಾದವನ್ನು ಹೀರುತ್ತಾರೆ. ಮಧ್ಯಾಹ್ನದ ಗುಂಯ್‌ಗೆ ಹೆದರಿ ಪೆಡಲ್ ಕಡಿಮೆ ಮಾಡಿಕೊಂಡವರು ಸಂಜೆ ಒಣಗಿದ ನಾದದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಎಡಗೈ

ಇದು ಈ ಚರ್ಚೆಯಲ್ಲೇ ಉಪಯುಕ್ತವಾದ ಬರಹ. ಆರ್ಕೆಸ್ಟ್ರಾ ಜೊತೆಗಿನ ಭಾಗ ನಾನು ಸೇರಿಸುತ್ತೇನೆ.

ಸಾಮಾನ್ಯವಾಗಿ ಸಿಗುವುದು ಒಂದು ಪೂರ್ಣ ರಿಹರ್ಸಲ್ ಮತ್ತು ಕಛೇರಿಯ ದಿನದ ಇನ್ನೊಂದು. ಅದಕ್ಕೂ ಮೊದಲು ಕಂಡಕ್ಟರ್ ಜೊತೆ ಅರ್ಧ ಗಂಟೆ, ಒಂದು ಪಿಯಾನೊ ಇರುವ ಕೋಣೆಯಲ್ಲಿ. ಅಲ್ಲಿ ಇಡೀ ಕೃತಿ ನುಡಿಸಬೇಕಿಲ್ಲ. ವೇಗ ಬದಲಾಗುವ ಜಾಗ, ಸ್ವರ ಹಿಡಿದು ನಿಲ್ಲುವ ಜಾಗ, ಕಡೆನ್ಜಾದಿಂದ (ಆರ್ಕೆಸ್ಟ್ರಾ ನಿಂತು ಪಿಯಾನೊ ಒಂದೇ ನುಡಿಯುವ ಭಾಗದಿಂದ) ಆರ್ಕೆಸ್ಟ್ರಾ ಒಳಬರುವ ಜಾಗ, ಇಷ್ಟು ಸಾಕು. ರಾಖ್‌ಮನಿನೋವ್‌ನ ಮೂರನೇ ಕಾನ್ಚರ್ಟೊದ ಮೊದಲ ಭಾಗಕ್ಕೆ ಎರಡು ಕಡೆನ್ಜಾಗಳಿವೆ, ಯಾವುದನ್ನು ನುಡಿಸುತ್ತೀರಿ ಎಂದು ಮೊದಲೇ ಹೇಳಿ. ನಿಮ್ಮ ಮುದ್ರಣದಲ್ಲಿ ಬಾರ್ ಸಂಖ್ಯೆ ಇದ್ದು ಆರ್ಕೆಸ್ಟ್ರಾದವರ ಹಾಳೆಗಳಲ್ಲಿ ಅಕ್ಷರದ ಗುರುತು ಮಾತ್ರ ಇದ್ದರೆ ರಿಹರ್ಸಲ್‌ನ ಕಾಲು ಭಾಗ ಜಾಗ ಹುಡುಕುವುದರಲ್ಲೇ ಹೋಗುತ್ತದೆ. ಎರಡೂ ಗುರುತುಗಳನ್ನು ಬರೆದುಕೊಂಡು ಹೋಗುವುದು ಹತ್ತು ನಿಮಿಷದ ಕೆಲಸ.

ಪಿಯಾನೊದ ಸ್ವರ ಹೊಡೆದ ಕ್ಷಣವೇ ಹುಟ್ಟುತ್ತದೆ, ತಂತಿವಾದ್ಯಗಳದ್ದು ಅರಳುತ್ತಾ ಬರುತ್ತದೆ, ಹಿಂದಿನ ಸಾಲಿನ ಗಾಳಿವಾದ್ಯಗಳದ್ದು ಇನ್ನೂ ತಡ. ಕಿವಿಗೆ ಬಿದ್ದ ಮೇಲೆ ನುಡಿಸಿದರೆ ಪ್ರತಿ ಸಲ ಹಿಂದೆ ಬೀಳುತ್ತೀರಿ. ಮೊದಲ ಪಿಟೀಲಿನವರ ಕಮಾನಿನ ಚಲನೆಯನ್ನು ಕಣ್ಣಂಚಿನಲ್ಲಿ ಹಿಡಿಯುವುದು ಅಭ್ಯಾಸವಾಗಬೇಕು.

ಒಪ್ಪಂದದಲ್ಲಿ ಕೃತಿಯ ಹೆಸರನ್ನು ಪೂರ್ತಿ ಬರೆಸಿ. "ಮೊಟ್ಸಾರ್ಟ್ ಕಾನ್ಚರ್ಟೊ" ಎಂದಷ್ಟೇ ಇದ್ದರೆ ಸಾಲದು, ಕೆ ಸಂಖ್ಯೆಯೂ (ಮೊಟ್ಸಾರ್ಟ್ ಕೃತಿಗಳ ಪಟ್ಟಿಯಲ್ಲಿನ ಸಂಖ್ಯೆ) ಶ್ರುತಿಯೂ ಬೇಕು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪಿಯಾನಿಸ್ಟ್ ಮರಿಯಾ ಜುವಾವ್ ಪಿರೆಸ್ ಬೇರೊಂದು ಮೊಟ್ಸಾರ್ಟ್ ಕಾನ್ಚರ್ಟೊ ಎಂದುಕೊಂಡು ಕೂತಿದ್ದಾಗ ಕಂಡಕ್ಟರ್ ಶಾಯ್ಲಿ ಡಿ ಮೈನರ್ ಕಾನ್ಚರ್ಟೊ, ಕೆ 466, ಶುರು ಮಾಡಿದರು. ಅದರ ಆರ್ಕೆಸ್ಟ್ರಾ ಮುನ್ನುಡಿ ಎರಡು ನಿಮಿಷಕ್ಕೂ ಹೆಚ್ಚು. ಅಷ್ಟರಲ್ಲಿ ಅವರು ಅದನ್ನು ನೆನಪಿಗೆ ತಂದುಕೊಂಡು ಪೂರ್ತಿ ನುಡಿಸಿದರು. ಮಂದ್ರ ಹೇಳಿದ ಮೊದಲನೇ ಗುಂಪು ಅಂದರೆ ಇದೇ. ಬೇಥೋವನ್‌ನ ನಾಲ್ಕನೆಯದರಲ್ಲಿ ಆಗಿದ್ದರೆ ಆ ಎರಡು ನಿಮಿಷವೂ ಸಿಗುತ್ತಿರಲಿಲ್ಲ, ಅದು ಪಿಯಾನೊದಿಂದಲೇ, ಮೆಲ್ಲಗೆ, ಶುರುವಾಗುತ್ತದೆ.

ಪುಟತಿರುವು

ಕೈಯ ಆರೋಗ್ಯ?

ಮಂದ್ರ

ಹೆಚ್ಚಿನ ಗಾಯಗಳ ಹಿಂದೆ ಒಂದೇ ಕಥೆ: ಕಾರ್ಯಕ್ರಮ ಹತ್ತಿರ ಬಂತೆಂದು ದಿನಕ್ಕೆ ಮೂರು ಗಂಟೆಯ ಸಾಧನೆ ಇದ್ದಕ್ಕಿದ್ದಂತೆ ಏಳಾಗುವುದು. ಗಂಟೆಗಳನ್ನು ವಾರ ವಾರ ಸ್ವಲ್ಪ ಸ್ವಲ್ಪ ಏರಿಸಿ, 45–50 ನಿಮಿಷಕ್ಕೊಮ್ಮೆ ಎದ್ದು ಓಡಾಡಿ, ಆಕ್ಟೇವ್‌ಗಳ (ಒಂದು ಸಪ್ತಕ ದೂರದ ಎರಡು ಸ್ವರ ಒಟ್ಟಿಗೆ) ಸಾಲನ್ನು ಒಂದೇ ಸಮನೆ ಅರ್ಧ ಗಂಟೆ ಬಡಿಯಬೇಡಿ. ನಾಲ್ಕು, ಐದನೇ ಬೆರಳಲ್ಲಿ (ಉಂಗುರ ಬೆರಳು, ಕಿರುಬೆರಳು) ಜುಮ್ಮೆನ್ನುವುದು, ನುಡಿಸುವುದು ನಿಲ್ಲಿಸಿ ಮರುದಿನವೂ ಇರುವ ನೋವು, ಇವಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು.

ಎಲ್ಲಕ್ಕಿಂತ ಮೋಸದ್ದು ಫೋಕಲ್ ಡಿಸ್ಟೋನಿಯ (ಬೆರಳಿನ ಚಲನೆ ಹಿಡಿತ ತಪ್ಪುವ ನರಸಂಬಂಧಿ ತೊಂದರೆ), ಯಾಕೆಂದರೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ನುಡಿಸಲು ಕೂತಾಗ ಬೆರಳು ತಾನಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಸಾಧನೆ ಸಾಲದೆಂದುಕೊಂಡು ಇನ್ನಷ್ಟು ನುಡಿಸಿದವರಿಗೆ ಇನ್ನಷ್ಟು ಕೆಡುತ್ತದೆ. ಪಿಯಾನಿಸ್ಟ್ ಲಿಯಾನ್ ಫ್ಲೈಶರ್ ಅವರ ಬಲಗೈಯ ಕೊನೆಯ ಎರಡು ಬೆರಳಿಗೆ 1960ರ ದಶಕದಲ್ಲಿ ಹೀಗಾಯಿತು. ಮತ್ತೆ ಎರಡೂ ಕೈಯಲ್ಲಿ ನುಡಿಸುವಂತಾದದ್ದು 1990ರ ದಶಕದಲ್ಲಿ, ಬೊಟಾಕ್ಸ್ ಚಿಕಿತ್ಸೆಯ ನೆರವಿನಿಂದ. ನಡುವಿನ ದಶಕಗಳಲ್ಲಿ ಅವರು ಪಾಠ ಮಾಡಿದರು, ಕಂಡಕ್ಟರ್ ಆದರು, ಎಡಗೈ ಕೃತಿಗಳನ್ನು ನುಡಿಸಿದರು. ಆ ಕೃತಿಗಳಲ್ಲಿ ಹೆಸರಾಂತವಾದವು ಇರುವುದೇ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನಿಸ್ಟ್ ಪಾಲ್ ವಿಟ್‌ಗೆನ್‌ಸ್ಟೈನ್ ಸಂಯೋಜಕರಿಂದ ಬರೆಸಿದ್ದರಿಂದ. ರವೆಲ್‌ನ ಎಡಗೈ ಕಾನ್ಚರ್ಟೊ 1932ರಲ್ಲಿ ಅವರೇ ವಿಯೆನ್ನಾದಲ್ಲಿ ಮೊದಲು ನುಡಿಸಿದರು.

ಸಣ್ಣ ಕೈಯವರಿಗೆ: ಒಂದು ಸಪ್ತಕದ ಅಗಲ ಸುಮಾರು 16.5 ಸೆಂ.ಮೀ. ಕೈ ಅಲ್ಲಿಗೇ ಮುಗಿಯುವವರು ಹತ್ತು ಸ್ವರ ದೂರದ ಕಾರ್ಡ್‌ಗಳನ್ನು ಹಿಗ್ಗಿಸಿ ಹಿಡಿಯಲು ಹೋಗಬಾರದು. ಒಂದು ಸ್ವರವನ್ನು ಇನ್ನೊಂದು ಕೈಗೆ ಕೊಡಿ, ಅಥವಾ ಕೆಳಗಿಂದ ಮೇಲಕ್ಕೆ ಉರುಳಿಸಿ. ಯೋಸೆಫ್ ಹಾಫ್‌ಮನ್ ತಮ್ಮ ಸಣ್ಣ ಕೈಗೆಂದು ಕಿರಿದಾದ ಕೀಗಳ ಪಿಯಾನೊವನ್ನೇ ಮಾಡಿಸಿಕೊಂಡಿದ್ದರು. ಅಷ್ಟು ದೊಡ್ಡ ಕಲಾವಿದರೇ ಹಾಗೆ ಮಾಡಿದ ಮೇಲೆ ಸ್ವರ ಹಂಚಿಕೊಳ್ಳುವುದರಲ್ಲಿ ನಾಚಿಕೆ ಯಾಕೆ?

ನಿಧಾನಗತಿ

ಹಣದ ಲೆಕ್ಕ ಚಿಕ್ಕದಾಗಿ. ಸಂಭಾವನೆ ಕಛೇರಿಗೆ ಇಷ್ಟೆಂದು. ಏಜೆಂಟ್ ಪಾಲು ಸಾಮಾನ್ಯವಾಗಿ ಶೇ. 10ರಿಂದ 20, ಅದೂ ಖರ್ಚು ಕಳೆಯುವ ಮೊದಲಿನ ಪೂರ್ಣ ಮೊತ್ತದ ಮೇಲೆ. ಬೇರೆ ದೇಶದಲ್ಲಿ ನುಡಿಸಿದರೆ ಹೆಚ್ಚಾಗಿ ತೆರಿಗೆಯನ್ನು ಅಲ್ಲೇ ಮುರಿದುಕೊಳ್ಳುತ್ತಾರೆ, ಆ ಪ್ರಮಾಣಪತ್ರ ಕೇಳಿ ಪಡೆಯದಿದ್ದರೆ ತಮ್ಮ ದೇಶದಲ್ಲಿ ಮತ್ತೊಮ್ಮೆ ಕಟ್ಟಬೇಕಾಗಬಹುದು. ಪ್ರಯಾಣ, ಹೋಟೆಲ್ ಯಾರ ಖರ್ಚು ಎಂದು ಬರೆದಿರಬೇಕು. ನೂರು ಬಂತೆನ್ನಿ: ಏಜೆಂಟ್‌ಗೆ 20, ತೆರಿಗೆ 15, ಪ್ರಯಾಣ 25 ಹೋದರೆ ಉಳಿಯುವುದು 40. ಜ್ವರ ಬಂದು ರದ್ದಾದರೆ ಅದೂ ಇಲ್ಲ. ಅದಕ್ಕೇ ಬಹಳ ಜನ ಪಾಠವನ್ನೂ ಇಟ್ಟುಕೊಳ್ಳುತ್ತಾರೆ. ಅದನ್ನು ಸೋಲೆಂದು ಕಾಣುವವರನ್ನು ಕಂಡರೆ ನನಗೆ ಬೇಸರ.

ಮಧ್ಯಸಪ್ತಕ

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ, ಮಂದ್ರ ಅವರಿಗೆ: ಮೂವತ್ತರ ಆಸುಪಾಸಿನಲ್ಲಿ ಏಜೆಂಟ್ ಕೈಗೆ ಕೊಡುವ ಕಾನ್ಚರ್ಟೊ ಪಟ್ಟಿ ಹೇಗಿರಬೇಕು?

ಮಂದ್ರ

ಹದಿನೈದು ಇಪ್ಪತ್ತು ಸಾಕು, ಎಲ್ಲವೂ ನಿಜವಾಗಿ ಬರುವಂಥವಾಗಿರಲಿ. ಮೊಟ್ಸಾರ್ಟ್ ಮೂರು ನಾಲ್ಕು, ಯಾಕೆಂದರೆ ಸಣ್ಣ ಆರ್ಕೆಸ್ಟ್ರಾಗಳಿಗೂ ಅವು ಹೊಂದುತ್ತವೆ. ಬೇಥೋವನ್ ಐದರಲ್ಲಿ ಕನಿಷ್ಠ ಮೂರು. ಶೂಮನ್, ಗ್ರೀಗ್, ಶೋಪ್ಯಾನ್‌ನ ಯಾವುದಾದರೂ ಒಂದು, ಚೈಕೋವ್‌ಸ್ಕಿ ಮೊದಲನೆಯದು, ರಾಖ್‌ಮನಿನೋವ್‌ನ ಯಾವುದಾದರೂ ಎರಡು, ರವೆಲ್‌ನ ಜಿ ಮೇಜರ್, ಪ್ರೊಕೊಫೀವ್ ಮೂರನೆಯದು, ಬಾರ್ಟೋಕ್ ಮೂರನೆಯದು. ಇವು ಎಲ್ಲರ ಪಟ್ಟಿಯಲ್ಲೂ ಇರುತ್ತವೆ, ಹಾಗಾಗಿ ಬೇರೆ ಯಾರೂ ನುಡಿಸದ ಒಂದೆರಡನ್ನು ಪ್ರೀತಿಯಿಂದ ಆರಿಸಿ ಸೇರಿಸಿ. ಬದಲಿ ಕರೆ ಎಷ್ಟೋ ಸಲ ಅಂಥದಕ್ಕೇ ಬರುತ್ತದೆ.

ಪ್ರತಿ ಹೆಸರಿನ ಮುಂದೆ ನಾಲ್ಕು ಕಲಂ ಹಾಕಿ: ಎಷ್ಟು ನಿಮಿಷ, ಯಾವ ಕಡೆನ್ಜಾ, ಕೊನೆಯ ಸಲ ನುಡಿಸಿದ ತಿಂಗಳು, ಎಷ್ಟು ದಿನದಲ್ಲಿ ಸಿದ್ಧ. ಕೊನೆಯ ಎರಡು ಕಲಂ ಏಜೆಂಟ್‌ಗೆ ಕೊಡುವ ಪ್ರತಿಯಲ್ಲಿ ಬೇಡ, ಪಿಯಾನೊ ಪಕ್ಕದ ಗೋಡೆಗೆ ಅಂಟಿಸುವ ಪ್ರತಿಯಲ್ಲಿ ಇರಲಿ. ಒಂದೂವರೆ ವರ್ಷ ಮುಟ್ಟದ ಕೃತಿ ಕಂಡರೆ ಆ ವಾರವೇ ಅದರ ಗುರುತುಗಳನ್ನು ಕೊನೆಯಿಂದ ಹಿಂದಕ್ಕೆ ನುಡಿಸಿ ನೋಡಿ. "ಎಷ್ಟು ದಿನ" ಎಂಬ ಅಂಕಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಅದು ಬದಲಾಗುತ್ತಲೇ ಇರುತ್ತದೆ.